ಮಡಿಲಕ್ಕಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ?

ತಿಪ್ಪಸಂದ್ರ, ಮಾಗಡಿ ತಾಲ್ಲೂಕು
ಸೋಮವಾರ, 10-11-2025

ಮಗಳು ಅನುಷಾಗೆ ನಿನ್ನ ಅಪ್ಪ ಮನಸಾರೆ ಹರಸಿ ಬರೆಯುವುದು.

ಹೇಗಿದ್ದೀಯವ್ವಾ? ಚನ್ನಪಟ್ಟಣದ ನೀರು ಮೈಗೆ ಒಗ್ಗಿತೇ? ಅಳಿಯ ನಟರಾಜು ಚೆನ್ನಾಗಿದ್ದಾರೆಯೇ? ಅಳಿಯ ಅಂತ ಇದೇ ಮೊದಲು ಬರೆಯುತ್ತಿದ್ದೇನೆ, ಹೊಡೆದುಹಾಕಿಲ್ಲ ನೋಡು. ಅವ್ವನ ಮಂಡಿನೋವು ಸ್ವಲ್ಪ ವಾಸಿ. ಫೋನಿನಲ್ಲಾದರೆ ನಾನು ಹಲೋ ಅಂದು, ಕೆಮ್ಮಿ, ಅವಳ ಕೈಗೆ ಕೊಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ.

ಕುದೂರು ಬಸ್ ನಿಲ್ದಾಣದಲ್ಲಿ ಒಂದು ಪುಸ್ತಕ ಕೊಂಡೆ. ಯಾವ ಸಮಯಕ್ಕೆ ಇಂಗ್ಲಿಷಿನಲ್ಲಿ ಏನು ಹೇಳಬೇಕು ಅನ್ನುವುದನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದಾರೆ. ಭಾನುವಾರ ನಿಮ್ಮ ಮದುವೆಗೆ ವರ್ಷ ತುಂಬುತ್ತದಲ್ಲ, ಹೇಳಲು ಏನಾದರೂ ಸಿಕ್ಕೀತೆಂದು ಕೊಂಡದ್ದು. ಈಗ ಕೆಳಗಿಡಲು ಮನಸ್ಸಿಲ್ಲ. ಹುಟ್ಟಿದ ದಿನಕ್ಕೆ 'ಮೆನಿ ಹ್ಯಾಪಿ ರಿಟರ್ನ್ಸ್' ಅನ್ನಬೇಕಂತೆ. ಈ ದಿನ ಮತ್ತೆ ಮತ್ತೆ ಬರಲಿ ಅಂತ. ಕಾಯಿಲೆಯವರಿಗೆ 'ಗೆಟ್ ವೆಲ್ ಸೂನ್'. ಸಾವಿನ ಮನೆಗೂ ಒಂದು ಮಾತಿದೆ! ನಾವು ಅಲ್ಲಿ ಸುಮ್ಮನೆ ಕೂತಿದ್ದು, 'ಬತ್ತೀವಿ' ಅಂತಲೂ ಅನ್ನದೆ ಎದ್ದು ಬರುವವರು. ಅವರು ಅಲ್ಲೂ ಬಾಯಿ ತೆರೆಯುತ್ತಾರಲ್ಲ, ಅದು ಧೈರ್ಯವೋ ಅಭ್ಯಾಸವೋ ತಿಳಿಯದು.

ನೀನು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ ಕರಿಕುರಿ ಮೊನ್ನೆ ಅವಳಿ ಮರಿ ಹಾಕಿತು. ಪುಸ್ತಕ ನೋಡಿಕೊಂಡು ಅದಕ್ಕೆ 'ಕಂಗ್ರಾಜುಲೇಷನ್ಸ್' ಅಂದೆ. ಹಿಂದೆ ನಿಂತಿದ್ದ ಅವ್ವ ನಗಲಿಲ್ಲ. "ಕುರಿಗ್ ಹೇಳಕ್ಕೆ ಬಾಯಿ ಬತ್ತದೆ, ಮಗಳಿಗ್ ಹೇಳಕ್ಕೆ ಬರಾಕಿಲ್ವಾ?" ಅಂದಳು. ನಾಚಿಕೆಯಾಯಿತು ಕಣವ್ವಾ. ಪುಸ್ತಕವನ್ನು ಮೊದಲಿಂದ ಕೊನೆಯವರೆಗೂ ಹುಡುಕಿದೆ. ಮದುವೆಯ ಪುಟದಲ್ಲಿ 'ಹ್ಯಾಪಿ ಮ್ಯಾರೀಡ್ ಲೈಫ್' ಇದೆ. ಮಗಳ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಗಂಡನ ಮನೆಗೆ ಕಳಿಸುವಾಗ ಏನನ್ನಬೇಕೋ ಎಲ್ಲೂ ಇಲ್ಲ. ನಿನಗೆ ಗೊತ್ತಿದ್ದರೆ ತಿಳಿಸು.

ನಿನ್ನ ಅತ್ತೆ ಮಾವನಿಗೆ ನಮ್ಮ ನಮಸ್ಕಾರ ಹೇಳು. ನೀವಿಬ್ಬರೂ ನೂರು ಕಾಲ ಚೆನ್ನಾಗಿರಿ.

ನಿನ್ನ ಅಪ್ಪ
ಚಿಕ್ಕರಾಜು

ಇದೊಂದು ಬರೆಯದೆ ಮಡಿಸಿಬಿಟ್ಟಿದ್ದೆ: ನಮ್ಮನ್ನು ಕೇಳದೆ ಮದುವೆಯಾಗಿ ನೀವು ಬಾಗಿಲಿಗೆ ಬಂದ ದಿನ, ಅವ್ವ ಮೊರಕ್ಕೆ ಹಾಕಿಟ್ಟಿದ್ದ ಮಡಿಲಕ್ಕಿಯನ್ನು ವಾಪಸ್ಸು ಚೀಲಕ್ಕೆ ಸುರಿಸಿದವನು ನಾನೇ. ನೀನು ಬರಿ ಮಡಿಲಲ್ಲಿ ಹೋದೆ. ತಪ್ಪಾಯಿತು. ಕಾಗದದಲ್ಲಿ ಕರೆದರೆ ಕರೆದಂತಲ್ಲ. ಭಾನುವಾರ ಮೊದಲ ಬಸ್ಸಿಗೆ ಅರಿಶಿನ ಕುಂಕುಮ ಹಿಡಿದು ನಾನೂ ಅವ್ವನೂ ನಿಮ್ಮಿಬ್ಬರನ್ನೂ ಮನೆಗೆ ಕರೆಯಲು ಬರುತ್ತೇವೆ. ಅಕ್ಕಿ ಮತ್ತೆ ಮೊರಕ್ಕೆ ಬಂದಿದೆ. ನಿನ್ನ ಬಾಗಿಲಲ್ಲಿ ನನಗೆ ಯಾವ ಭಾಷೆಯ ಮಾತೂ ಹೊರಡದಿದ್ದರೆ, ನೀನೇ ಮೊದಲು 'ಬಾಪ್ಪಾ' ಅಂದುಬಿಡು.