ಕೀಲಿ ಬೀಳದ ಮನೆ

ಭೂಸನೂರ
ರವಿವಾರ, ೪ ಜನವರಿ ೨೦೨೬

ನನ್ನ ಬಂಗಾರದಂಥ ಸಪ್ನಾ,

ಅವ್ವನ ಕಡೆಯಿಂದ ಎರಡೂ ಕೆನ್ನೆಗೆ ಮುತ್ತು. ಒಂದು ದೊಡ್ಡ ಸುದ್ದಿಯಿದೆ. ಕಥೆ ಓದುವಾಗ ಕೊನೆಯ ಹಾಳೆ ಮೊದಲು ನೋಡುವ ಚಾಳಿ ನಿನ್ನದು. ಇಲ್ಲಿ ಹಾಗೆ ಮಾಡಬೇಡ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಾನು ಫೋನು ಹಿಡಿದರೆ ಸಾಕು, ನಿಮ್ಮ ಅಪ್ಪ ಪಕ್ಕದಲ್ಲಿ ಬಂದು ಕೂಡುತ್ತಾರೆ. ಅದಕ್ಕೇ ಪತ್ರ.

ನಿನ್ನ ಪೊಲೀಸ್ ತರಬೇತಿ ಮುಗಿಯುತ್ತದೆ, ಪರೇಡಿಗೆ ತಂದೆ ತಾಯಿ ಇಬ್ಬರೂ ಬರಬೇಕು ಎಂದು ನೀನು ಹೇಳಿದ ದಿನದಿಂದ ನನ್ನ ಕಾಲು ನೆಲದ ಮೇಲಿಲ್ಲ. ನಿಮ್ಮ ಅಪ್ಪ ಮಾತ್ರ ಹಳೆಯ ರಾಗವನ್ನೇ ಎಳೆದರು. "ನಾ ಹೋಗಿ ಬರ್ತೇನಿ. ನೀ ಮನ್ಯಾಗ ಇರು. ರೈಲಿನ್ಯಾಗ ಹೋಗಿ ಬರೂದು ಅಂದ್ರ ರಾತ್ರಿ ಮನಿ ಖಾಲಿ ಬೀಳ್ತದ" ಎಂದರು. ನಮ್ಮ ತಲಬಾಗಿಲು ನಿನಗೆ ಗೊತ್ತೇ ಇದೆ. ಒಳಗಡೆ ದಪ್ಪ ಅಗಳಿ, ಹೊರಗಡೆ ಕೀಲಿ ಹಾಕಲು ಒಂದು ಕೊಂಡಿಯೂ ಇಲ್ಲ. ಮನೆಗೆ ಕೀಲಿ ಬಿತ್ತೆಂದರೆ ವಂಶ ಮುಗಿಯಿತು ಎಂದು ಅರ್ಥವಂತೆ, ಅದಕ್ಕೇ ಕಟ್ಟಿಸಿದ ಹಿರಿಯರು ಕೊಂಡಿಯನ್ನೇ ಇಡಲಿಲ್ಲ. ಯಾರಾದರೂ ಒಬ್ಬ ಹೆಂಗಸು ಒಳಗಿರಬೇಕು. ಮೊದಲು ನನ್ನ ಅತ್ತೆ ಇದ್ದರು, ಆಮೇಲೆ ನಾನು. ಎಳ್ಳಮವಾಸ್ಯೆಗೆ ಊರಿಗೆ ಊರೇ ಹೊಲಕ್ಕೆ ಹೋಗಿ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ ಉಂಡು ಬಂದರೆ, ನಾನೇ ಮಾಡಿ ಕಟ್ಟಿಕೊಟ್ಟ ಕಾಳು-ಸೊಪ್ಪಿನ ಭಜ್ಜಿಯನ್ನು ನಾನು ಸಂಜೆಗೆ ತಣ್ಣಗೆ ತಿನ್ನುತ್ತೇನೆ. ನಿನ್ನ ಓಟದ ಪಂದ್ಯ, ಆಳಂದದ ಕಾಲೇಜಿನಲ್ಲಿ ನಿನ್ನ ಕೊರಳಿಗೆ ಬಿದ್ದ ಪದಕ, ಎಲ್ಲವನ್ನೂ ನಿಮ್ಮ ಅಪ್ಪನ ಬಾಯಿಂದಲೇ ಕೇಳಿದ್ದು. ಆ ಬಾಯಿಂದ ಬರುವುದೇನು? "ಛಲೋ ಆಯ್ತು." ಅಷ್ಟೇ! ಈ ಸಲ ನನ್ನ ಕಣ್ಣಿನಿಂದಲೇ ನೋಡಬೇಕೆಂದು ಹಟ ಹಿಡಿದೆ.

ಮೊನ್ನೆ ಎಳ್ಳಮವಾಸ್ಯೆಯ ದಿನವೇ ಹಿಂದಿನ ಓಣಿಯ ಒಂದು ಮನೆಗೆ ಹಾಡಹಗಲೇ ಕಳ್ಳರು ನುಗ್ಗಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗಬಾರದೆಂದು ನಾನು ಸೆರಗು ಕಟ್ಟಿ ನಿಂತೆ. ಪಕ್ಕದ ಮನೆಯ ಅಬ್ದುಲ್ ಗನಿಯಣ್ಣ ವೆಲ್ಡಿಂಗ್ ಅಂಗಡಿಯವನಲ್ಲವೇ, ಅವನನ್ನು ಕರೆದು ಹಿತ್ತಿಲ ಬಾಗಿಲಿಗೆ ಹೊರಗಿನಿಂದ ಕಬ್ಬಿಣದ ಪಟ್ಟಿ ಬಡಿಸಿದೆ. ಕಿಟಕಿಗೆ ಹೊಸ ಸರಳು. ನಿಮ್ಮ ಅಪ್ಪ ಹೊಲದಲ್ಲಿದ್ದಾಗ ತಲಬಾಗಿಲಿಗೂ ಕೊಂಡಿ ಹಾಕಿಸಿಬಿಟ್ಟೆ! ಬಂದು ನೋಡಿ ಮುಖ ಕೆಂಪಗೆ ಮಾಡಿಕೊಂಡರು. "ಕೊಂಡಿ ಇರಲಿ, ಕೀಲಿ ಬೀಳಬಾರ್ದು" ಎಂದು ಅಪ್ಪಣೆಯಾಯಿತು.

ಬೀಳಬಾರದಂತೆ! ಹೊಸ ಕೀಲಿ ಕೊಂಡು ತಂದು ಅಕ್ಕಿ ಡಬ್ಬಿಯಲ್ಲಿಟ್ಟಿದ್ದೆ. ನಿನ್ನೆ ಬೆಳಿಗ್ಗೆ ಒಮ್ಮೆ ಹಾಕಿ ನೋಡೋಣವೆನಿಸಿತು. ಕರೆಂಟು ರಾತ್ರಿ ಕೊಡುತ್ತಾರಲ್ಲ, ನಿಮ್ಮ ಅಪ್ಪ ಕಬ್ಬಿಗೆ ನೀರು ಹಾಯಿಸಲು ಹೋದವರು ಇನ್ನೂ ಬಂದಿಲ್ಲವೆಂದು ತಿಳಿದೆ. ಬಂದು ಒಳಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದದ್ದು ನನಗೇನು ಗೊತ್ತು? ಕೀಲಿ ಹಾಕಿ ಜಗ್ಗಿ ನೋಡಿದೆ, ಗಟ್ಟಿಯಿತ್ತು. "ಮನಿ ಕಡಿ ಒಂದು ಕಣ್ಣು ಇರಲ್ರಿ" ಎಂದು ಗನಿಯಣ್ಣನಿಗೆ ಹೇಳಿ, ಅವನ ಸೊಸೆ ಗುಲಫಶಾಳ ಜೊತೆ ಚಹಾ ಕುಡಿಯುತ್ತ ಕೂತೆ. ಫೋನು ಒಳಗೇ ಮರೆತಿದ್ದೆ.

ನಿಮ್ಮ ಅಪ್ಪನಿಗೆ ಎಚ್ಚರವಾಯಿತು. ಬಾಗಿಲು ಬಡಿದರು, ಕೂಗಿದರು. ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಸಾಲಾಗಿ ಕಾರ್ಖಾನೆಗೆ ಹೋಗುವಾಗ ಯಾರಿಗೆ ಕೇಳಬೇಕು? ನನಗೆ ಫೋನು ಹಚ್ಚಿದರೆ ಅದು ಅವರ ಪಕ್ಕದ ಗೂಡಿನಲ್ಲೇ ರಿಂಗಾಯಿತಂತೆ! ಕೊನೆಗೆ ಜೋಳದ ಚೀಲಗಳ ಮೇಲೆ ಹತ್ತಿ, ಬೆಳಕಿಂಡಿಯ ಮುಚ್ಚಳ ತಳ್ಳಿ, ತಲೆಗೆ ಟವೆಲು ಸುತ್ತಿಕೊಂಡ ನಿಮ್ಮ ಅಪ್ಪ ಮಾಳಿಗೆಯ ಮೇಲೆ ಎದ್ದರು. ಗನಿಯಣ್ಣ ಕಂಡವನೇ "ಕಳ್ಳ! ಕಳ್ಳ!" ಎಂದು ಬೊಬ್ಬೆ ಹಾಕಿದ. ಓಣಿಯೆಲ್ಲ ಬಡಿಗೆ ಹಿಡಿದು ಕೂಡಿತು. "ಲೇ ಗನಿ, ನಾ ಅದೀನೋ, ದೌಲತರಾಯ!" ಎಂದು ಮೇಲಿನಿಂದ ಟವೆಲು ಬಿಚ್ಚಿ ಬೀಸಿದರು. "ಅಣ್ಣಾರ, ನಿಮ್ಮ ಮನಿಗಿ ನೀವ ಕನ್ನ ಹಾಕೀರೇನ್ರಿ?" ಎಂದ ಗನಿಯಣ್ಣ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು ಮಗಳೇ. ನಾನು ನಗಲಿಲ್ಲ ಎಂದು ಅವರೆದುರು ಹೇಳಿದ್ದೇನೆ, ನೀನೂ ಹಾಗೇ ಹೇಳು.

ಸಂಜೆ ರೊಟ್ಟಿ ಹಾಕಿದರೆ ಮುಟ್ಟದೆ ಕೂತರು. ಬೈಯುತ್ತಾರೆಂದುಕೊಂಡೆ. ಗೋಡೆ ನೋಡುತ್ತ, "ಅಷ್ಟ ಹೊತ್ತಿನ್ಯಾಗ ನನಗ ಉಸುರು ಕಟ್ಟಿದಂಗಾತು ನೋಡು. ಹೊರಗ ಹಾಡು ಹೊಂಟಾವ, ಮಂದಿ ನಗಾಕತ್ತಾರ, ನಾ ಒಬ್ಬನ ಒಳಗ. ನೀ ಇಷ್ಟ ವರ್ಷ ಹ್ಯಾಂಗ ಕುಂತಿ ಬೇ?" ಎಂದರು. ನಾನು ರೊಟ್ಟಿಯ ತಟ್ಟೆಯನ್ನು ಅವರ ಹತ್ತಿರಕ್ಕೆ ಸರಿಸಿದೆ. ಆಮೇಲೆ ಅವರೇ, "ಬೆಳಕಿಂಡಿಗೂ ಜಾಳಿಗಿ ಹಾಕಸು. ಕೀಲಿ ಹಾಕಿ ಇಬ್ರೂ ಹೋಗೂನು. ಮಗಳು ಪೊಲೀಸ್ ಆಗ್ಯಾಳಂದ್ರ ವಂಶ ಹ್ಯಾಂಗ ಮುಗೀತದ?" ಎಂದರು!

ಇದೇ ಸುದ್ದಿ! ನಾನು ಬರುತ್ತೇನೆ ಸಪ್ನಾ! ಹಸಿರು ಇಳಕಲ್ ಸೀರೆ ತೆಗೆದಿಟ್ಟಿದ್ದೇನೆ. ಶೇಂಗಾ ಹೋಳಿಗೆ ತರುತ್ತೇನೆ, ಜೊತೆಯ ಹುಡುಗಿಯರಿಗೂ ಹೇಳಿಡು. ಗನಿಯಣ್ಣ ಇವತ್ತು ಬೆಳಕಿಂಡಿಗೆ ಜಾಳಿಗೆ ಕೂರಿಸಿದ. ಇನ್ನು ನಮ್ಮ ಮನೆಗೆ ಇಲಿಯೂ ನುಗ್ಗಲಾರದು.

ನಿನ್ನನ್ನು ಖಾಕಿಯಲ್ಲಿ ನೋಡಲು ಕುಣಿಯುತ್ತಿರುವ
ನಿನ್ನ ಅವ್ವ
ಗುರಮ್ಮ

ತಾ.ಕ.: ನಿನ್ನೆ ಕೀಲಿ ಹಾಕುವಾಗ ಹೊಸ್ತಿಲ ಹೊರಗೆ ನಿಮ್ಮ ಅಪ್ಪನ ಚಪ್ಪಲಿ ಇದ್ದವು, ಕಬ್ಬಿನ ಗದ್ದೆಯ ಕೆಸರು ಇನ್ನೂ ಹಸಿಯಾಗಿತ್ತು. ಅವನ್ನು ಎತ್ತಿ ನೀರಿನ ತೊಟ್ಟಿಯ ಹಿಂದೆ ಇಟ್ಟವಳು ನಾನೇ. ಫೋನನ್ನೂ ಮರೆತಿರಲಿಲ್ಲ. ಇದು ಯಾವ ಕಲಮಿಗೆ ಬರುತ್ತದೋ ಪೊಲೀಸಿನವಳು ನೀನೇ ನೋಡು. ಹಿಡಿಯುವುದಿದ್ದರೆ ಪರೇಡು ಮುಗಿದ ಮೇಲೆ ಹಿಡಿ. ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ.