ತಗ್ಗು ಹ್ಯಾಂಡಲ್

ಅಕ್ಕನಿಗೆ ನಮಸ್ಕಾರ.

ಅಮ್ಮ ಯಾರ ಮನೆಯಲ್ಲಿರಬೇಕೆಂದು ಜಗಳವಾಡಿ ನಾವು ಮಾತು ಬಿಟ್ಟೆವು. ಅಮ್ಮ ಹೋಗಿಬಿಟ್ಟಳು, ಬಿಟ್ಟ ಮಾತು ಹಾಗೇ ಉಳಿಯಿತು. ಈಗ ಬರೆಯುತ್ತಿರುವುದು ನಮ್ಮ ಹಳೇ ಸೈಕಲ್ಲಿನ ವಿಷಯಕ್ಕೆ.

ಅದರ ತಗ್ಗು ಹ್ಯಾಂಡಲ್ಲಿಗೆ ಬಗ್ಗಿ ಬಗ್ಗಿ ನನ್ನ ಕತ್ತು ಹಿಡಿದುಕೊಂಡಿದೆ, ಅಂಗೈ ಜೋಮು ಹಿಡಿಯುತ್ತದೆ. ಬದಲಾಯಿಸಲು ಹೋದರೆ ರಿಪೇರಿಯವನು ಎರಡು ಮುಂದಿಟ್ಟ. ಒಂದು ನೇರ ಕೋಲಿನಂಥದ್ದು; ಅದಕ್ಕೂ ಸ್ವಲ್ಪ ಬಗ್ಗಬೇಕು. ಇನ್ನೊಂದು ಎತ್ತರಕ್ಕೆದ್ದು ನಮ್ಮ ಕಡೆಗೇ ಬಾಗಿದ್ದು. “ಇದನ್ನೇ ಹಾಕಿಸ್ಕೊಳ್ಳಿ ಸಾರ್. ಬೆನ್ನು ನೆಟ್ಟಗಿರುತ್ತೆ, ದಾರೀಲಿ ನಿಂತೋರ ಮುಖಾನೂ ಕಾಣುತ್ತೆ,” ಎಂದ.

ನನಗೆ ಬೇಡವಾಗಿದ್ದುದು ಅದೇ. ಕೆಲಸಕ್ಕೆ ದಿನಾ ನಿನ್ನ ಮನೆ ಮುಂದೆಯೇ ಹೋಗುತ್ತೇನೆ. ನೀನು ಗೇಟಿನ ಹತ್ತಿರ ನಿಂತಿರುತ್ತೀಯ. ನನಗೆ ನಿನ್ನ ಚಪ್ಪಲಿಯಷ್ಟೇ ಕಾಣುತ್ತದೆ. ಹ್ಯಾಂಡಲ್ಲೇ ತಗ್ಗು, ನಾನೇನು ಮಾಡಲಿ ಎಂದುಕೊಂಡು ದಾಟಿಬಿಡುತ್ತಿದ್ದೆ. ಅಲ್ಲಿನ ಹಂಪ್ ಮೇಲೆ ಬೆಲ್ ತಾನಾಗಿ ಬಡಿದುಕೊಳ್ಳದಂತೆ ಅಂಗೈ ಒತ್ತಿ ಹಿಡಿಯುತ್ತಿದ್ದೆ.

ಸೈಕಲ್ ಕಲಿಸುವಾಗ ನೀನು, “ಹ್ಯಾಂಡಲ್ ಏನ್ ನೋಡ್ತೀಯೋ ಪೆದ್ದ, ಮುಂದೆ ನೋಡು,” ಎಂದು ತಲೆಗೆ ಮೊಟಕುತ್ತಿದ್ದೆ. ಮೊಟಕಿದ್ದು ಸಾಲಲಿಲ್ಲ.

ಎತ್ತರದ್ದನ್ನೇ ಹಾಕಿಸಿದ್ದೇನೆ. ಸೋಮವಾರದಿಂದ ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೆ ಗೇಟು ಹಾಕಿಕೊಂಡು ಒಳಗಿರು, ತಪ್ಪು ತಿಳಿಯುವುದಿಲ್ಲ. ಬೆಲ್ ಮಾತ್ರ ಹಳೆಯದೇ. ಅದಕ್ಕೆ ಇನ್ನು ಕೈ ಅಡ್ಡ ಇಡುವುದಿಲ್ಲ.

ನಿನ್ನ ಪೆದ್ದ ತಮ್ಮ