ಜ್ವರದ ಪಟ್ಟಿ

ಆಸ್ಪತ್ರೆ, ಎರಡನೇ ಮಹಡಿಯ ಬೆಂಚು
ಹದಿನಾಲ್ಕನೇ ತಾರೀಖು, ಮಂಗಳವಾರ ಬೆಳಿಗ್ಗೆ

ನನ್ನ ಮುದ್ದು ಮಗನೇ,

ಹಡಗಿನಲ್ಲಿ ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೆ? ಎಂಜಿನ್ ಕೋಣೆಯಿಂದ ಬೆವರಿಕೊಂಡು ಬಂದು ಗಾಳಿಗೆ ನಿಲ್ಲಬೇಡ ಎಂದು ಹೇಳಿ ಹೇಳಿ ನನ್ನ ನಾಲಗೆ ಸವೆದಿದೆ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ, ಥೇಟ್ ನಿನ್ನ ಹಾಗೆ.

ಈಗ ನಿನ್ನ ಹೆಂಡತಿಯ ವಿಷಯ. ಕುಳಿತುಕೊಂಡು ಓದು. ಅವಳ ಕಾಗದಗಳಲ್ಲಿ "ಎಲ್ಲ ಸರಿ ಇದೆ" ಎಂದೇ ಇರುತ್ತದೆ, ನನಗೆ ಗೊತ್ತು. ಎದೆಯ ಗೆಡ್ಡೆ ತೆಗೆದ ಮೇಲೆ ಆರು ಸಲ ಕೀಮೋ ಎಂದಿದ್ದರಲ್ಲ, ಮೂರನೆಯದರವರೆಗೂ ಅವಳು ನಿಜಕ್ಕೂ ಗಟ್ಟಿಯಾಗಿದ್ದಳು. ಕೂದಲೆಲ್ಲ ಉದುರಿದ ದಿನ ಕನ್ನಡಿ ಮುಂದೆ ನಿಂತು, "ಅತ್ತೆ, ಈಗ ನಿಮ್ಮ ಬೋಳುತಲೆ ಮಗನಿಗೆ ಸರಿಜೋಡಿ ಆದೆ ನೋಡಿ" ಎಂದು ನಕ್ಕಿದ್ದಳು. ನಾಲ್ಕನೆಯದಾದ ಮೇಲೆ ಆ ನಗು ನಿಂತಿತು. ಬಾಯಿ ತುಂಬ ಹುಣ್ಣು. ಉಪ್ಪುನೀರು ಮುಕ್ಕಳಿಸಿದರೂ ಕಣ್ಣಲ್ಲಿ ನೀರು. ಗಡಿಯಾರ ರಿಪೇರಿಗೆ ಕೂತರೆ ಸಾಸಿವೆಯಷ್ಟು ಸಣ್ಣ ಸ್ಕ್ರೂಗಳು ಬೆರಳಿನಿಂದ ಜಾರುತ್ತಿದ್ದವು. ನಾನು ನೆಲದಲ್ಲಿ ತಡಕಾಡಿ ಹುಡುಕಿಕೊಡುತ್ತಿದ್ದೆ. "ಬೆರಳು ಜೋಮು ಹಿಡಿದಿದೆ ಅಷ್ಟೇ. ಡಾಕ್ಟರಿಗೆ ಹೇಳ್ಬೇಡಿ, ಔಷಧಿ ನಿಲ್ಲಿಸಿಬಿಡ್ತಾರೆ" ಎನ್ನುತ್ತಿದ್ದಳು.

ನರ್ಸಮ್ಮ ಒಂದು ಪಟ್ಟಿ ಕೊಟ್ಟಿದ್ದರು. ದಿನಕ್ಕೆ ಎರಡು ಹೊತ್ತು ಜ್ವರ ನೋಡಿ ಅದರಲ್ಲಿ ಬರೆಯಬೇಕು. "ನೂರು ದಾಟಿದ್ರೆ ಮಾತ್ರೆ ನುಂಗಿ ಮಲಗೋ ಹಾಗಿಲ್ಲ, ಉಟ್ಟ ಬಟ್ಟೆಯಲ್ಲೇ ಇಲ್ಲಿಗೆ ಬನ್ನಿ. ಈ ಔಷಧಿ ರಕ್ತದಲ್ಲಿರೋ ಕಾವಲಿನವರನ್ನೂ ಕೊಲ್ಲುತ್ತೆ, ಆಗ ಸಣ್ಣ ಸೋಂಕೂ ಸಣ್ಣದಲ್ಲ" ಎಂದು ಎರಡೆರಡು ಸಲ ಹೇಳಿದ್ದರು. ಪಟ್ಟಿಯನ್ನು ಅವಳೇ ತುಂಬುತ್ತಿದ್ದಳು. ಹನ್ನೊಂದು ಹೊತ್ತೂ ಒಂದೇ ಅಂಕಿ: ತೊಂಬತ್ತೆಂಟು ಪಾಯಿಂಟ್ ನಾಲ್ಕು. ಮೂವತ್ತು ವರ್ಷ ಗಿರಣಿಯಲ್ಲಿ ಬಟ್ಟೆ ಪರೀಕ್ಷೆ ಮಾಡಿದವಳು ನಾನು. ಒಂದೂ ಗಂಟಿಲ್ಲದ ಬಟ್ಟೆ ಕಂಡರೆ ನನಗೆ ಮೊದಲು ಬರುವುದು ಅನುಮಾನ.

ಭಾನುವಾರ ಮಧ್ಯಾಹ್ನ ಹಾಸಿಗೆಯ ಚಾದರ ಬದಲಾಯಿಸುವಾಗ ದಿಂಬಿನ ಚೀಲದಲ್ಲಿ ಜ್ವರದ ಮಾತ್ರೆಯ ಖಾಲಿ ಸ್ಟ್ರಿಪ್ ಸಿಕ್ಕಿತು. ಮೊದಲು ಮಾತ್ರೆ ನುಂಗಿ, ಬೆವರಿಳಿದ ಮೇಲೆ ಥರ್ಮಾಮೀಟರ್ ಇಟ್ಟುಕೊಳ್ಳುತ್ತಿದ್ದಳು. ನಾನೇ ಇಟ್ಟು ನೋಡಿದೆ, ನೂರಾ ಎರಡು. ಯಾಕಮ್ಮ ಹೀಗೆ ಮಾಡಿದೆ ಎಂದು ಕೇಳಿದರೆ, "ಜ್ವರ ಅಂದ್ರೆ ಮುಂದಿನ ಕೀಮೋ ಮುಂದಕ್ಕೆ ಹಾಕ್ತಾರೆ. ಅವರು ರಜೆಗೆ ಬರೋ ಹೊತ್ತಿಗೆ ಎಲ್ಲ ಮುಗಿದಿರ್ಬೇಕು ಅತ್ತೆ" ಎಂದಳು. ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ ಮಗಾ. ಅವಳು ಹೇಳಿದ್ದನ್ನು ಹೇಳಿದೆ.

ತಕ್ಷಣ ಬಾಡಿಗೆ ಕಾರಿನಲ್ಲಿ ಕರೆತಂದೆ. ಬಿಳಿ ರಕ್ತಕಣಗಳು ಪಾತಾಳಕ್ಕಿಳಿದಿವೆಯಂತೆ. ಎರಡು ಕೈಗೂ ಬಾಟಲಿ ಏರಿಸಿದ್ದಾರೆ. ನಿನ್ನೆ ಸ್ವಲ್ಪ ಇಳಿದಿದ್ದ ಜ್ವರ ಇವತ್ತು ಮತ್ತೆ ಏರಿದೆ, ರಕ್ತದೊತ್ತಡ ಇಳಿಯುತ್ತಿದೆ. ಬೆರಳಿನ ಜೋಮಿನ ವಿಷಯವನ್ನೂ ಹೇಳಿಬಿಟ್ಟೆ. "ಮೊದಲೇ ಹೇಳಿದ್ರೆ ಔಷಧಿಯ ಅಳತೆ ಬದಲಿಸ್ತಿದ್ವಿ, ನಿಲ್ಲಿಸಲೇಬೇಕು ಅಂತೇನೂ ಇರ್ಲಿಲ್ಲ" ಎಂದರು ಡಾಕ್ಟರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ನನ್ನನ್ನು ಒಳಗೆ ಬಿಡುವುದಿಲ್ಲ. ಬಾಗಿಲ ಗಾಜಿನಾಚೆ ಅವಳ ತುಟಿ ಅಲ್ಲಾಡುವುದು ಕಾಣುತ್ತದೆ, ಏನೆನ್ನುತ್ತಾಳೋ ಕೇಳಿಸುವುದಿಲ್ಲ.

ಕೀಮೋ ಮುಗಿಯುವುದು ಎಷ್ಟು ತಡವಾದರೂ ಕಾಯುತ್ತೇನೆ ಎಂದು ಅವಳಿಗೆ ಎರಡು ಸಾಲು ಬರೆ. ನಿಮ್ಮ ಕಂಪನಿಯ ಗುಮಾಸ್ತರು ಈ ಕಾಗದವನ್ನು ಮುಂದಿನ ಬಂದರಿಗೆ ಕಳಿಸುತ್ತೇನೆಂದು ಬಂದು ಕೂತಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀರು ನಿನ್ನನ್ನು ಸುಖವಾಗಿ ದಡ ಮುಟ್ಟಿಸಲಿ.

ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಡಾಕ್ಟರು ಈಗ ತಾನೆ ಹೊರಗೆ ಬಂದು, "ಜ್ವರ ಯಾವತ್ತಿನಿಂದ? ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ ಅಮ್ಮ" ಎಂದು ಎರಡನೇ ಸಲ ಕೇಳಿ ಹೋದರು. ಭಾನುವಾರ ಗೊತ್ತಾಯಿತು ಎಂದೆ. ಮೇಲೆ ನಿನಗೂ ಹಾಗೇ ಬರೆದಿದ್ದೇನೆ. ಸುಳ್ಳು ಕಣೋ. ಗುರುವಾರವೇ ಅವಳ ಮೈ ಮುಟ್ಟಿದ್ದೆ, ಕೆಂಡದಂತೆ ಸುಡುತ್ತಿತ್ತು. "ಇನ್ನೆರಡೇ ದಿನ ಅತ್ತೆ" ಎಂದು ನನ್ನ ಕೈ ಹಿಡಿದಳು. ಸುಮ್ಮನಾದೆ. ಅಂಗಡಿಯಿಂದ ಆ ಮಾತ್ರೆ ತಂದುಕೊಟ್ಟವಳೂ ನಾನೇ. ಈಗ ಎದ್ದು ಹೋಗಿ ಹೇಳುತ್ತೇನೆ. ನಿನಗೆ ಬರೆದಾಯಿತಲ್ಲ, ಇನ್ನು ಹಿಂದೆ ಸರಿಯುವ ಹಾಗಿಲ್ಲ. ನೀನು ಬಾ. ಬಂದು ನನ್ನನ್ನು ಏನು ಬೇಕಾದರೂ ಅನ್ನು.